ಹಳೇ ಆಪ್ಟಿಮೋಡ್ ತಂದರೆ ನಮ್ಮ ರೇಡಿಯೋ ಗಟ್ಟಿಯಾಗಿ ಕೇಳುತ್ತದೆಯೇ?

ಪ್ರಶ್ನೆ: ದಾವಣಗೆರೆ ಹತ್ತಿರದ ಕಾಲೇಜೊಂದರ ಆವರಣದಲ್ಲಿ ನಡೆಯುವ ಸಮುದಾಯ ರೇಡಿಯೋ ನೋಡಿಕೊಳ್ಳುತ್ತಿದ್ದೇನೆ. 50 ವ್ಯಾಟ್ ಟ್ರಾನ್ಸ್‌ಮಿಟರ್, 30 ಮೀಟರ್ ಟವರ್, ಸ್ಟೀರಿಯೋ ಪ್ರಸಾರ. ಕೃಷಿ ಮಾತುಕತೆ, ಎಪಿಎಂಸಿ ದರ, ಜನಪದ ಹಾಡು, ಫೋನ್-ಇನ್ ನಮ್ಮ ಕಾರ್ಯಕ್ರಮಗಳು. ಕೇಳುಗರ ದೂರು ಮೂರು. ಚಿತ್ರದುರ್ಗ ಆಕಾಶವಾಣಿಯಿಂದ ನಮ್ಮ ಕಡೆ ತಿರುಗಿಸಿದರೆ ಮಾತು ಮೆತ್ತಗೆ ಕೇಳುತ್ತದೆ, ವಾಲ್ಯೂಮ್ ಏರಿಸಬೇಕು. ಹಾಡು ಬಂದ ಕೂಡಲೇ ಇಳಿಸಬೇಕು. ‘ಸ’, ‘ಶ’ ಬಂದಾಗ ಚರ್ ಎಂದು ಒಡೆಯುತ್ತದೆ. ಹತ್ತು ಕಿಲೋಮೀಟರ್ ದಾಟಿದರೆ ಬರೀ ಸರಸರ ಸದ್ದು. ಬೆಂಗಳೂರಿನಲ್ಲಿ ಒಬ್ಬರ ಬಳಿ ಹಳೇ ಓರ್ಬನ್ ಆಪ್ಟಿಮೋಡ್ 8100ಎ (ಪ್ರಸಾರಕ್ಕೆ ಮುಂಚೆ ಸದ್ದಿನ ಮಟ್ಟ ಹದಗೊಳಿಸುವ ಆಡಿಯೋ ಪ್ರೊಸೆಸರ್) ಮಾರಾಟಕ್ಕಿದೆ. ಅದನ್ನು ಹಾಕಿದರೆ ರೇಂಜೂ ಹೆಚ್ಚುತ್ತದೆ, ಅಲ್ಲಿಯವರೆಗೆ ಡೀವಿಯೇಷನ್ (ಸದ್ದಿಗೆ ತಕ್ಕಂತೆ ಪ್ರಸಾರದ ಕಂಪನಾಂಕ ಅತ್ತಿತ್ತ ಸರಿಯುವ ದೂರ) ಸ್ವಲ್ಪ ಏರಿಸೋಣ ಎಂದು ನಮ್ಮ ಟೆಕ್ನಿಷಿಯನ್ ಹೇಳುತ್ತಾರೆ. ಸಾಮಾನು ಒದಗಿಸುವವರು ಹಳೆಯದು ಬೇಡ, ಹೊಸ ಡಿಜಿಟಲ್ ಪ್ರೊಸೆಸರ್ ತಗೊಳ್ಳಿ ಎನ್ನುತ್ತಾರೆ. ಈ ಒಂದು ಕಂಪನಿಯ ಪೆಟ್ಟಿಗೆಗೆ ಇಷ್ಟು ಹೆಸರು ಬಂದದ್ದು ಯಾಕೆ? ಅಷ್ಟು ಹಳೇ ಯಂತ್ರ ಕೊಳ್ಳಬಹುದೆ?

ಉತ್ತರ: ನಿಮ್ಮ ಮೂರು ದೂರುಗಳಿಗೆ ಮೂರು ಬೇರೆ ಕಾರಣಗಳಿವೆ. ಒಂದನ್ನು ಮಾತ್ರ ಆಪ್ಟಿಮೋಡ್ ನೇರವಾಗಿ ಸರಿಪಡಿಸುತ್ತದೆ. ಇನ್ನೊಂದನ್ನು ತಪ್ಪಾಗಿ ಜೋಡಿಸಿದರೆ ಅದೇ ಹೆಚ್ಚಿಸುತ್ತದೆ. ಮೂರನೆಯದಕ್ಕೂ ಅದಕ್ಕೂ ಸಂಬಂಧವಿಲ್ಲ. ಯಾವುದು ಯಾವುದೆಂದು ಬಿಡಿಸಲು ಆ ಪೆಟ್ಟಿಗೆ ಯಾಕೆ ಹುಟ್ಟಿತು ಎನ್ನುವುದನ್ನೇ ನೋಡಬೇಕು. ಅದರ ಒಂದೊಂದು ಮಾದರಿಯೂ ಪ್ರಸಾರದ ಒಂದೊಂದು ನಿರ್ದಿಷ್ಟ ತೊಂದರೆಗೆ ಉತ್ತರವಾಗಿ ಬಂದದ್ದು.

ಮೊದಲು ಎರಡು ತಪ್ಪು ನಂಬಿಕೆ ತೆಗೆದುಹಾಕೋಣ.

ಆಡಿಯೋ ಪ್ರೊಸೆಸರ್ ರೇಂಜ್ ಹೆಚ್ಚಿಸುವುದಿಲ್ಲ. ಎಫ್‌ಎಂನಲ್ಲಿ ಮಾತಾಡಿದರೂ ಸುಮ್ಮನಿದ್ದರೂ ಟ್ರಾನ್ಸ್‌ಮಿಟರ್ ಬಿಡುವ ವಿದ್ಯುತ್ ಅಷ್ಟೇ. ಸರಾಸರಿ ಸದ್ದು ಗಟ್ಟಿಯಾದಾಗ ಹಿನ್ನೆಲೆಯ ಸರಸರ ಅದರಡಿ ಮುಚ್ಚಿಹೋಗುವುದರಿಂದ ಅಂಚಿನಲ್ಲಿರುವ ಕೇಳುಗನಿಗೆ ಸ್ವಲ್ಪ ಮೇಲೆನಿಸಬಹುದು. ಸಿಗ್ನಲ್ ಮಾತ್ರ ಒಂದು ಊರು ಕೂಡ ಮುಂದೆ ಹೋಗದು.

ಡೀವಿಯೇಷನ್ ಏರಿಸುವುದಂತೂ ಬೇಡವೇ ಬೇಡ. ±75 ಕಿಲೋಹರ್ಟ್ಸ್ ಎಂದರೆ ನೂರಕ್ಕೆ ನೂರು, ಅದೇ ದಾಟಬಾರದ ಗೆರೆ. ಅದನ್ನು 90ಕ್ಕೆ ಏರಿಸಿದರೆ ಸಿಗುವುದು 1.6 ಡೆಸಿಬೆಲ್, ಅಂದರೆ ಪಕ್ಕದಲ್ಲಿಟ್ಟು ಹೋಲಿಸಿದರಷ್ಟೇ ಗೊತ್ತಾಗುವಷ್ಟು. ಬದಲಿಗೆ ಅಗ್ಗದ ಮೊಬೈಲ್ ಮತ್ತು ಪಾಕೆಟ್ ರೇಡಿಯೋಗಳ ಕಿರಿದಾದ ಫಿಲ್ಟರ್‌ನಲ್ಲಿ ನಿಮ್ಮ ಸಿಗ್ನಲ್ ಹಿಡಿಸದೆ ಮಾತು ಇನ್ನಷ್ಟು ಒಡೆಯುತ್ತದೆ. ಪಕ್ಕದ ಚಾನೆಲ್‌ಗೆ ತೊಂದರೆ, ಪರವಾನಗಿಗೂ ಅಪಾಯ. ನಿಮ್ಮ ಮಾತು ಮೆತ್ತಗಿರುವುದು ಗೆರೆ ಮುಟ್ಟದೆ ಅಲ್ಲ. ಎಲ್ಲೋ ಒಂದು ‘ಪ’ಕಾರ, ಒಂದು ಚಪ್ಪಾಳೆ ಗೆರೆ ಮುಟ್ಟುತ್ತದೆ, ಉಳಿದ ಮಾತೆಲ್ಲ ಅದರ ಎಷ್ಟೋ ಕೆಳಗೆ ಓಡುತ್ತದೆ. ಕಿವಿ ಗಟ್ಟಿತನವನ್ನು ಅಳೆಯುವುದು ಸರಾಸರಿಯಿಂದ. ಶಿಖರ ಮತ್ತು ಸರಾಸರಿಯ ನಡುವಿನ ಈ ಅಂತರವನ್ನು ಕೆಡಿಸದೆ ತಗ್ಗಿಸುವುದು ಹೇಗೆ ಎನ್ನುವುದೇ ಓರ್ಬನ್ ಕಂಪನಿಯ ಇಡೀ ಚರಿತ್ರೆ.

ಕಥೆ ಅವರಿಂದ ಶುರುವಾಗುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ಸ್ಟೇಷನ್‌ಗಳಲ್ಲಿ ಸಿಬಿಎಸ್ ಲ್ಯಾಬೊರೇಟರೀಸ್‌ನ ಆಡಿಮ್ಯಾಕ್ಸ್ ಮತ್ತು ವಾಲ್ಯೂಮ್ಯಾಕ್ಸ್ ಜೋಡಿ ಮನೆಮಾತಾಗಿತ್ತು. ಮೊದಲನೆಯದು ಮಟ್ಟ ಸಮ ಮಾಡುವುದು, ಎರಡನೆಯದು ಶಿಖರ ಕತ್ತರಿಸುವುದು. ಆಡಿಮ್ಯಾಕ್ಸ್‌ನ ಜಾಣತನ ಇದ್ದದ್ದು ಸುಮ್ಮನಿರುವುದರಲ್ಲಿ: ಮಾತು ನಿಂತಾಗ ಗೇನ್ (ಸದ್ದು ಹಿಗ್ಗಿಸುವ ಪ್ರಮಾಣ) ಏರಿಸದೆ ಇದ್ದಲ್ಲೇ ಹಿಡಿದು ನಿಲ್ಲುತ್ತಿತ್ತು. ಅದಿಲ್ಲದಿದ್ದರೆ ಪ್ರತಿ ವಿರಾಮದಲ್ಲೂ ಕೋಣೆಯ ಫ್ಯಾನಿನ ಸದ್ದು ಉಬ್ಬಿ ಬರುತ್ತದೆ. ನಿಮ್ಮ ಸ್ಟುಡಿಯೋದಲ್ಲಿ ಇವತ್ತು ಕಂಪ್ರೆಸರ್ (ಜೋರು ಸದ್ದನ್ನು ತಗ್ಗಿಸಿ ಮಟ್ಟದ ಅಂತರ ಕಿರಿದು ಮಾಡುವ ಸಾಧನ) ಹಾಕಿದರೆ ಮೊದಲು ಎದುರಾಗುವ ತೊಂದರೆಯೂ ಅದೇ.

ಬಾಬ್ ಓರ್ಬನ್ ಪ್ರಿನ್ಸ್‌ಟನ್ ಮತ್ತು ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ ಎಲೆಕ್ಟ್ರಿಕಲ್ ಎಂಜಿನಿಯರ್. 1960ರ ದಶಕದ ಕೊನೆಗೆ ಅವರು ಮೊದಲು ಮಾಡಿದ್ದು ಸ್ಟೀರಿಯೋ ಸಿಂಥಸೈಜರ್, ಮೋನೋ ರೆಕಾರ್ಡನ್ನು ಸ್ಟೀರಿಯೋದಂತೆ ಕೇಳಿಸುವ ಪೆಟ್ಟಿಗೆ. ಆಗ ಎಫ್‌ಎಂ ಸ್ಟೇಷನ್‌ಗಳು ಸ್ಟೀರಿಯೋಗೆ ಹೋಗಿದ್ದವು, ಹಾಡುಗಳಲ್ಲಿ ಎಷ್ಟೋ ಇನ್ನೂ ಮೋನೋದಲ್ಲೇ ಇದ್ದವು. ಆಮೇಲೆ ಸ್ಪ್ರಿಂಗ್ ರಿವರ್ಬ್, ಪ್ಯಾರಾಮೆಟ್ರಿಕ್ ಈಕ್ವಲೈಜರ್, ಡಿ-ಎಸ್ಸರ್‌ಗಳು ಬಂದವು. ಒಳ್ಳೆಯ ಸಾಮಾನು, ಆದರೆ ಇವೆಲ್ಲ ರೆಕಾರ್ಡಿಂಗ್ ಸ್ಟುಡಿಯೋಗೆ. ರೇಡಿಯೋದವರು ಅವರ ಹೆಸರು ಕಲಿತದ್ದು 1975ರ ಆಪ್ಟಿಮೋಡ್-ಎಫ್‌ಎಂ 8000ದಿಂದ.

ಅದು ಬಿಡಿಸಿದ ಗಂಟು ಇದು. ಎಫ್‌ಎಂನಲ್ಲಿ ಸರಸರ ತಗ್ಗಿಸಲು ಪ್ರಸಾರದ ಕಡೆ ಚೂಪು ಸ್ವರಗಳನ್ನು ಏರಿಸಿ, ರಿಸೀವರ್‌ನಲ್ಲಿ ಅಷ್ಟೇ ಇಳಿಸುತ್ತಾರೆ. ಇದೇ ಪ್ರಿ-ಎಂಫಸಿಸ್. ಅಮೆರಿಕದಲ್ಲಿ 75 ಮೈಕ್ರೋಸೆಕೆಂಡ್, ಭಾರತದಲ್ಲಿ ಯುರೋಪಿನಂತೆ 50. ಅಂಕೆಯಲ್ಲಿ ಹೇಳುವುದಾದರೆ 15 ಕಿಲೋಹರ್ಟ್ಸ್ ಹತ್ತಿರ 50ಕ್ಕೆ 13.7 ಡೆಸಿಬೆಲ್, 75ಕ್ಕೆ 17 ಡೆಸಿಬೆಲ್ ಏರಿಕೆ. ಈ ಏರಿಕೆ ಗೊತ್ತುಮಾಡಿದ ಕಾಲದ ಹಾಡುಗಳಲ್ಲಿ ಚೂಪು ಸ್ವರ ಕಡಿಮೆ ಇದ್ದುದರಿಂದ ತೊಂದರೆಯಾಗಲಿಲ್ಲ. ಬಾಯಿಗೇ ಮೈಕ್ ಹಿಡಿದು ಹಾಡಿಸುವ ಕಾಲ ಬಂದಾಗ ಪ್ರತಿ ‘ಸ’ಕಾರ, ಪ್ರತಿ ತಾಳದ ಸದ್ದು ಪ್ರಿ-ಎಂಫಸಿಸ್ ದಾಟಿದ ಮೇಲೆ ಗೆರೆ ಮೀರತೊಡಗಿತು. ಇಡೀ ಮಟ್ಟವನ್ನೇ ಇಳಿಸಿದರೆ ಸ್ಟೇಷನ್ ಮೆತ್ತಗಾಗುತ್ತದೆ. ಚೂಪು ಸ್ವರಗಳನ್ನು ಕ್ಲಿಪ್ ಮಾಡಿದರೆ, ಅಂದರೆ ಅಲೆಯ ನೆತ್ತಿಯನ್ನು ಗೆರೆಗೆ ಕತ್ತರಿಸಿದರೆ, ಇನ್ನೊಂದು ಸಂಕಟ.

ಆ ಸಂಕಟವನ್ನು ಹತ್ತಿರದಿಂದ ನೋಡಬೇಕು, ನಿಮ್ಮ ಹಣ ಉಳಿಯುವುದೋ ಹಾಳಾಗುವುದೋ ಇಲ್ಲೇ ನಿರ್ಧಾರವಾಗುತ್ತದೆ. ಸ್ಟೀರಿಯೋ ಎಫ್‌ಎಂನಲ್ಲಿ 19 ಕಿಲೋಹರ್ಟ್ಸ್‌ನಲ್ಲಿ ಪ್ರಸಾರ ಸ್ಟೀರಿಯೋ ಎಂದು ರಿಸೀವರ್‌ಗೆ ತಿಳಿಸುವ ಪೈಲಟ್ ಸ್ವರ ಕೂತಿರುತ್ತದೆ. ಅದನ್ನು ಕಾಪಾಡಲು 15 ಕಿಲೋಹರ್ಟ್ಸ್ ಮೇಲಿನದನ್ನೆಲ್ಲ ಫಿಲ್ಟರ್ ಹಾಕಿ ಕತ್ತರಿಸುತ್ತಾರೆ. ಈಗ 6 ಕಿಲೋಹರ್ಟ್ಸ್‌ನ ಒಂದು ಸ್ವರವನ್ನು ಜೋರಾಗಿ ಕ್ಲಿಪ್ ಮಾಡಿ ಚೌಕ ಅಲೆ ಮಾಡಿದಿರಿ ಎನ್ನಿ. ಅದರೊಳಗೆ 6, 18, 30 ಕಿಲೋಹರ್ಟ್ಸ್ ಹೀಗೆ ಬೆಸ ಗುಣಕಗಳಿರುತ್ತವೆ. ಫಿಲ್ಟರ್ 18ರಿಂದ ಮೇಲಿನದನ್ನು ತೆಗೆದುಹಾಕಿದ ಮೇಲೆ ಉಳಿಯುವುದು 6ರ ಅಲೆ ಮಾತ್ರ. ಆದರೆ ಅದರ ಎತ್ತರ ನೀವು ಕ್ಲಿಪ್ ಮಾಡಿದ ಮಟ್ಟಕ್ಕಿಂತ 1.27 ಪಟ್ಟು, ಅಂದರೆ 2.1 ಡೆಸಿಬೆಲ್ ಹೆಚ್ಚು! ಗೆರೆಗೆ ಸರಿಯಾಗಿ ಕತ್ತರಿಸಿ ಕಳುಹಿಸಿದ್ದು ಫಿಲ್ಟರ್ ದಾಟಿದ ಕೂಡಲೇ ಮತ್ತೆ ಗೆರೆ ಮೀರುತ್ತದೆ. ಇದನ್ನೇ ಓವರ್‌ಶೂಟ್ ಎನ್ನುವುದು. ಫಿಲ್ಟರ್ ಒಳಗೆ ಬೇರೆ ಬೇರೆ ಸ್ವರಗಳು ಬೇರೆ ಬೇರೆ ಹೊತ್ತು ತಡವಾಗುವುದರಿಂದ ಇನ್ನಷ್ಟು ಕೂಡಿಕೊಳ್ಳುತ್ತದೆ.

ಆಗೆಲ್ಲ ಲಿಮಿಟರ್ (ಸದ್ದು ಗೆರೆ ಮೀರದಂತೆ ತಡೆಯುವ ಸಾಧನ) ಒಬ್ಬರದು, 15 ಕಿಲೋಹರ್ಟ್ಸ್ ಫಿಲ್ಟರ್ ಇರುವ ಸ್ಟೀರಿಯೋ ಜನರೇಟರ್ (ಎಡ-ಬಲ ದನಿ ಸೇರಿಸಿ ಸ್ಟೀರಿಯೋ ಸಿಗ್ನಲ್ ಮಾಡುವ ಭಾಗ) ಇನ್ನೊಬ್ಬರದು. ಲಿಮಿಟರ್ ಎಷ್ಟೇ ಚೆನ್ನಾಗಿದ್ದರೂ ಫಿಲ್ಟರ್ ಆಚೆ ಏನಾಗುತ್ತದೆಂದು ಅದಕ್ಕೆ ತಿಳಿಯದು. ಎಂಜಿನಿಯರ್‌ಗಳು ಓವರ್‌ಶೂಟ್‌ಗೆಂದು ಡೀವಿಯೇಷನ್ ಇಳಿಸಿಟ್ಟು ಸುಮ್ಮನಾಗುತ್ತಿದ್ದರು. ಓರ್ಬನ್ 8000ದಲ್ಲಿ ಕಂಪ್ರೆಸರ್, ಚೂಪು ಸ್ವರಗಳ ಲಿಮಿಟರ್, ಕ್ಲಿಪ್ಪರ್, 15 ಕಿಲೋಹರ್ಟ್ಸ್ ಫಿಲ್ಟರ್, ಸ್ಟೀರಿಯೋ ಜನರೇಟರ್ ಇಷ್ಟನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಫಿಲ್ಟರ್‌ನ ಓವರ್‌ಶೂಟನ್ನು ಅಲ್ಲೇ ಸರಿಪಡಿಸುವ ಸರ್ಕ್ಯೂಟ್ ಕೂಡಿಸಿದರು. ಒಂದೇ ಡಬ್ಬಿಗೆ ತುಂಬಿದ್ದು ಜಾಗ ಉಳಿಸಲಿಕ್ಕಲ್ಲ. ಒಂದರ ತಪ್ಪನ್ನು ಮುಂದಿನದು ಗೊತ್ತಿಟ್ಟುಕೊಂಡು ಸರಿಪಡಿಸಬೇಕಿತ್ತು, ಅದಕ್ಕೆ. ಗೆರೆ ದಾಟದೆ ಒಂದೆರಡು ಡೆಸಿಬೆಲ್ ಗಟ್ಟಿತನ ಸಿಕ್ಕಿತು. ಹೆಸರು ಬಂದದ್ದು ಅದರಿಂದ.

ಆಪ್ಟಿಮೋಡನ್ನು ಕೊಂಡು ತಪ್ಪು ಜಾಗದಲ್ಲಿ ಜೋಡಿಸುವವರು ಮರೆಯುವುದು ಇದನ್ನೇ. ಅದರ ಕಾಂಪೊಸಿಟ್ (ಎಡ-ಬಲ ದನಿ, ಪೈಲಟ್ ಎಲ್ಲ ಸೇರಿದ ಪೂರ್ತಿ ಸಿಗ್ನಲ್) ಔಟ್‌ಪುಟ್ ಬಿಟ್ಟು ಬೇರೆಲ್ಲಿಂದಲೋ ಎಡ-ಬಲ ಆಡಿಯೋ ತೆಗೆದು, ಎಕ್ಸೈಟರ್‌ನ (ಟ್ರಾನ್ಸ್‌ಮಿಟರ್‌ನಲ್ಲಿ ಎಫ್‌ಎಂ ಸಿಗ್ನಲ್ ಹುಟ್ಟಿಸುವ ಭಾಗ) ಸ್ವಂತ ಪ್ರಿ-ಎಂಫಸಿಸ್ ಮತ್ತು ಫಿಲ್ಟರ್ ಮೂಲಕ ಮತ್ತೆ ಹಾಯಿಸಿದರೆ 1975ಕ್ಕಿಂತ ಹಿಂದಿನ ಸ್ಥಿತಿಗೇ ಮರಳಿದ ಹಾಗೆ.

1980ರಲ್ಲಿ ಬಂದ 8100ಎ ಇನ್ನೆರಡು ತೊಂದರೆ ಹಿಡಿಯಿತು. ನಿಮ್ಮ ಕಡೆಯ ಡೊಳ್ಳಿನ ಪದವನ್ನೇ ತೆಗೆದುಕೊಳ್ಳಿ. ಎಲ್ಲ ಸ್ವರಗಳಿಗೂ ಒಂದೇ ಕಂಪ್ರೆಸರ್ ಇದ್ದರೆ ಡೊಳ್ಳಿನ ಒಂದೊಂದು ಪೆಟ್ಟಿಗೂ ಹಾಡುವವರ ದನಿ ಕುಗ್ಗಿ ಮತ್ತೆ ಏಳುತ್ತದೆ. ಪಂಪಿಂಗ್ ಎನ್ನುವುದು ಇದಕ್ಕೆ. 8100ಎ ಸುಮಾರು 200 ಹರ್ಟ್ಸ್‌ನಲ್ಲಿ ಸದ್ದನ್ನು ಎರಡು ಭಾಗ ಮಾಡಿ, ಡೊಳ್ಳಿನ ತಳದ ಸ್ವರಕ್ಕೊಂದು, ಉಳಿದದ್ದಕ್ಕೊಂದು ಕಂಪ್ರೆಸರ್ ಇಟ್ಟಿತು. ಎರಡನ್ನೂ ಎಷ್ಟು ಜೊತೆಗೂಡಿಸಬೇಕೆಂದು ಹೇಳಲು ಬೇಸ್ ಕಪ್ಲಿಂಗ್ ಎಂಬ ತಿರುಗಣಿಯೂ ಇದೆ. (ಮೂರು ಬ್ಯಾಂಡಿನ, ಅಂದರೆ ಸದ್ದನ್ನು ಮೂರು ಭಾಗ ಮಾಡುವ, ಯಂತ್ರವನ್ನು 1970ರ ದಶಕದಲ್ಲೇ ಡೊರೋ ಕಂಪನಿ ಮಾರುತ್ತಿತ್ತು. ಬ್ಯಾಂಡ್ ಭಾಗ ಮಾಡುವ ಉಪಾಯ ಓರ್ಬನ್‌ನದೇ ಎಂದು ಹೇಳುವುದು ಸರಿಯಲ್ಲ.)

ಎರಡನೆಯದು ಕ್ಲಿಪ್ಪರ್. ಚೂಪು ಸ್ವರಗಳನ್ನು ಕ್ಲಿಪ್ ಮಾಡಿದಾಗ ಅವು ಒಂದಕ್ಕೊಂದು ಬೆರೆತು ಕೆಳಗಿನ, ಮಾತಿನ ಸ್ವರಗಳ ಜಾಗದಲ್ಲಿ ಹೊಸ ಕೊಳೆ ಹುಟ್ಟಿಸುತ್ತವೆ. ‘ಶಾಸ್ತ್ರಿ’ ಎಂದಾಗ ಕೇಳುವ ಒಡಕು ಇದೇ. 8100ಎ ಈ ಕೊಳೆಯನ್ನು ಅಳೆದು, ಸುಮಾರು 2 ಕಿಲೋಹರ್ಟ್ಸ್ ಕೆಳಗಿನ ಭಾಗವನ್ನು ತಿರುಗಿಸಿ ಕಳೆಯುತ್ತಿತ್ತು. ಅದಕ್ಕೆ ಮೇಲಿನದನ್ನು ಮೂಲ ಸ್ವರವೇ ಮುಚ್ಚಿಬಿಡುತ್ತದೆ, ಕಿವಿಗೆ ಬೀಳುವುದಿಲ್ಲ. ನನ್ನ ಮಟ್ಟಿಗೆ ಇಡೀ ಸರಣಿಯಲ್ಲಿ ಅತಿ ಚೆಂದದ ಯೋಚನೆ ಇದು. ನಂತರದ ಡಿಜಿಟಲ್ ಯಂತ್ರಗಳೆಲ್ಲ ಇದನ್ನೇ ಬೆಳೆಸಿದವು. 8100ಎಗೆ ಆರು ಬ್ಯಾಂಡಿನ ಎಕ್ಸ್‌ಟಿ ಎಂಬ ಜೊತೆ ಪೆಟ್ಟಿಗೆಯೂ ಬಂತು. ನಿಮಗೆ ಅದು ಬೇಡ. ಸ್ಟೇಷನ್‌ಗಳು ಒಂದಕ್ಕಿಂತ ಒಂದು ಗಟ್ಟಿಯಾಗಲು ಜಿದ್ದಿಗೆ ಬಿದ್ದ ಕಾಲದ ಸಾಮಾನು ಅದು.

1991ರ 8200 ಡಿಜಿಟಲ್. ಎರಡು ಬ್ಯಾಂಡೋ ಹಲವು ಬ್ಯಾಂಡೋ ಎಂಬುದನ್ನು ಕಾರ್ಡ್ ಬದಲಿಸದೆ ಸಾಫ್ಟ್‌ವೇರ್‌ನಲ್ಲೇ ಬದಲಿಸಬಹುದಾಯಿತು, ಹೊಂದಿಸಿದ್ದನ್ನು ಉಳಿಸಿಟ್ಟುಕೊಳ್ಳಬಹುದಾಯಿತು. ಸುಲಭದ ಕೆಲಸವೇನೂ ಆಗಿರಲಿಲ್ಲ. ಸ್ಯಾಂಪಲ್ ಮಾಡಿದ ಸಿಗ್ನಲನ್ನು ಹಾಗೇ ಕ್ಲಿಪ್ ಮಾಡಿದರೆ ಹುಟ್ಟುವ ಗುಣಕಗಳು ಮಡಚಿಕೊಂಡು ಕೆಳಗಿನ ಸ್ವರಗಳಲ್ಲಿ ಬೇಸುರಾಗಿ ಬಂದು ಕೂರುತ್ತವೆ. ಎರಡು ಸ್ಯಾಂಪಲ್ ನಡುವಿನ ಶಿಖರ ಲೆಕ್ಕಕ್ಕೇ ಸಿಗದು. ಅನಲಾಗ್‌ನಲ್ಲಿ ಇಲ್ಲದ ಇನ್ನೊಂದು ಹೊರೆಯೂ ಬಂತು: ತಡ. ಲೆಕ್ಕ ಹಾಕಲು ಮಿಲಿಸೆಕೆಂಡುಗಳು ಬೇಕು. ಉದ್ಘೋಷಕರು ರೇಡಿಯೋದಿಂದ ಬರುವ ತಮ್ಮದೇ ದನಿಯನ್ನು ಹೆಡ್‌ಫೋನ್‌ನಲ್ಲಿ ಕೇಳುತ್ತಿದ್ದರೆ 10 ಮಿಲಿಸೆಕೆಂಡ್ ತಡವಾದರೆ ದನಿ ಡಬ್ಬಿಯೊಳಗಿಂದ ಬಂದಂತೆ, 30ರ ಹತ್ತಿರವಾದರೆ ನಾಲಿಗೆ ತಡವರಿಸುವಂತೆ ಆಗುತ್ತದೆ. ಪರಿಹಾರ ಸರಳ: ಹೆಡ್‌ಫೋನ್‌ಗೆ ಮಿಕ್ಸರ್‌ನಿಂದಲೇ ದನಿ ಕೊಡಿ.

ಇದರ ನಡುವೆ ಕಂಪನಿ ಕೈಯಿಂದ ಕೈಗೆ ಹೋಯಿತು. ಮೊದಲು ಎಕೆಜಿ, ಅದರ ಮೂಲಕ ಹರ್ಮನ್, 2000ದಲ್ಲಿ ಹಳೇ ಪ್ರತಿಸ್ಪರ್ಧಿ ಸಿಆರ್‌ಎಲ್. ಆಪ್ಟಿಮೋಡ್ ಹೆಸರಿನ ಹೊಸ ಯಂತ್ರಗಳು ಬರುತ್ತಲೇ ಇದ್ದವು.

ಇನ್ನು ನಿಮ್ಮ ಸ್ಟೇಷನ್‌ಗೆ ಬರೋಣ. ‘ಸ’, ‘ಶ’ ಒಡೆಯುವುದಕ್ಕೆ ನನ್ನ ಮೊದಲ ಅನುಮಾನ ಪ್ರಿ-ಎಂಫಸಿಸ್ ತಪ್ಪಾಗಿದೆ ಎಂಬುದು. ಎಕ್ಸೈಟರ್ 75ಕ್ಕೆ ಹೊಂದಿಸಿದ್ದು ಇರಬಹುದು, ಇಲ್ಲವೇ ಎರಡು ಕಡೆ ಆನ್ ಆಗಿರಬಹುದು. ಖರ್ಚಿಲ್ಲದೆ ಪರೀಕ್ಷಿಸಬಹುದು. ಪ್ರಸಾರವಿಲ್ಲದ ಹೊತ್ತಿನಲ್ಲಿ ಕಂಪ್ರೆಸರ್, ಲಿಮಿಟರ್ ಎಲ್ಲ ಬೈಪಾಸ್ ಮಾಡಿ. ಸ್ಟೀರಿಯೋ ಬಂದ್ ಮಾಡಿ ಮೋನೋ ಇಡಿ, ಇಲ್ಲದಿದ್ದರೆ ಪೈಲಟ್ ಕೂಡ ಲೆಕ್ಕಕ್ಕೆ ಬರುತ್ತದೆ. ಕಂಪ್ಯೂಟರಿನಿಂದ 400 ಹರ್ಟ್ಸ್ ಸ್ವರ ಕೊಟ್ಟು ಎಕ್ಸೈಟರ್‌ನ ಪರದೆಯಲ್ಲಿ ಡೀವಿಯೇಷನ್ 7.5 ಕಿಲೋಹರ್ಟ್ಸ್ ಬರುವಂತೆ ಹೊಂದಿಸಿ. ಮಟ್ಟ ಮುಟ್ಟದೆ ಸ್ವರವನ್ನು ಮಾತ್ರ 10 ಕಿಲೋಹರ್ಟ್ಸ್‌ಗೆ ಬದಲಿಸಿ. 25ರ ಹತ್ತಿರ ತೋರಿಸಿದರೆ 50 ಮೈಕ್ರೋಸೆಕೆಂಡ್ ಒಂದೇ ಸಲ ಇದೆ, ಸರಿ. 36 ಬಂದರೆ 75ಕ್ಕೆ ಹೊಂದಿಸಿದೆ. 80 ದಾಟಿದರೆ ಎರಡು ಸಲ ಆಗುತ್ತಿದೆ, ಮಿಕ್ಸರ್ ಆಚೆಯ ಯಾವುದೋ ಪೆಟ್ಟಿಗೆಯಲ್ಲೂ ಆನ್ ಇದೆ. 7.5ರಲ್ಲೇ ನಿಂತರೆ ಎಲ್ಲೂ ಇಲ್ಲ. ಆಗ ಕೇಳುಗರಿಗೆ ಮಾತು ಕಂಬಳಿ ಹೊದ್ದಂತೆ ಮಂದವಾಗಿ ಕೇಳುತ್ತಿರಬೇಕು, ಒಡೆಯುತ್ತಿರಬಾರದು. ಎಕ್ಸೈಟರ್‌ಗೆ ಇಂಥ ಪರದೆ ಇಲ್ಲದಿದ್ದರೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಹಾಕುವ ಅಗ್ಗದ ರೇಡಿಯೋ ರಿಸೀವರ್) ಲ್ಯಾಪ್‌ಟಾಪ್‌ಗೆ ಹಾಕಿ ಅಂದಾಜು ನೋಡಬಹುದು. ಆದರೆ ಟವರ್ ಬುಡದಲ್ಲಿ ಆಂಟೆನಾ ಸಮೇತ ಇಡಬೇಡಿ, ಸಿಗ್ನಲ್ ಹೆಚ್ಚಾಗಿ ಅಂಕೆಗಳೇ ಸುಳ್ಳಾಗುತ್ತವೆ.

ಎರಡನೇ ದೂರು, ಮಾತು ಮೆತ್ತಗೆ ಹಾಡು ಗಟ್ಟಿ. ಇದರ ಬೇರು ಸ್ಟುಡಿಯೋದಲ್ಲೇ ಇದೆ. ಸಿನಿಮಾ ಹಾಡಿನ ಫೈಲ್ ಕೊನೆಯ ಗೆರೆವರೆಗೆ ಒತ್ತಿ ತುಂಬಿದ್ದು, ನಿಮ್ಮ ಕೃಷಿ ಸಂದರ್ಶನ ಹಾಗಲ್ಲ. ಮಿಕ್ಸರ್‌ನಲ್ಲಿ ಎರಡರ ಶಿಖರ ಸಮ ಕಂಡರೂ ಸರಾಸರಿಯಲ್ಲಿ 8-10 ಡೆಸಿಬೆಲ್ ಅಂತರ ಸಾಮಾನ್ಯ. ಸಂಗ್ರಹದ ಫೈಲುಗಳನ್ನೆಲ್ಲ ಉಚಿತ ಎಡಿಟಿಂಗ್ ಸಾಫ್ಟ್‌ವೇರ್ ಆಡಾಸಿಟಿಯ ಲೌಡ್‌ನೆಸ್ ನಾರ್ಮಲೈಸೇಷನ್‌ನಲ್ಲಿ −20 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಸರಾಸರಿ ಗಟ್ಟಿತನದ ಅಳತೆ) ತನ್ನಿ. ಹಾಡು ಇಳಿಯುತ್ತದೆ, ಮಾತು ಏರುತ್ತದೆ. ಏರಿಸಿದ ಮಾತಿನ ಶಿಖರಗಳು ಗೆರೆ ಮುಟ್ಟದಂತೆ ಕೊನೆಗೊಂದು ಲಿಮಿಟರ್ ಹಾಕಿ. ನೇರ ಪ್ರಸಾರದ ಮೈಕಿಗೆ ಡೈನಮಿಕ್ ಮೈಕ್, ಬಾಯಿಂದ ನಾಲ್ಕು ಬೆರಳಿನಷ್ಟು ದೂರ, ಉಸಿರು ನೇರ ಬೀಳದಂತೆ ಸ್ವಲ್ಪ ಓರೆ. 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. 3:1 ಕಂಪ್ರೆಷನ್, ಜೋರು ಮಾತಿಗೆ 6 ಡೆಸಿಬೆಲ್ ತಗ್ಗುವಷ್ಟು ಸಾಕು. ಬರಿಗೋಡೆ, ತಿರುಗುವ ಫ್ಯಾನು ಇರುವ ಕೋಣೆಗೆ ಕಂಡೆನ್ಸರ್ ಮೈಕ್ ಹಾಕಿದರೆ ಮುಂದೆ ಯಾವ ಆಪ್ಟಿಮೋಡ್ ಬಂದರೂ ಅದು ಫ್ಯಾನನ್ನೂ ಗಟ್ಟಿ ಮಾಡುತ್ತದೆ. ಫೋನ್-ಇನ್‌ನಲ್ಲಿ ಕರೆ ಮಾಡಿದವರಿಗೆ ಅವರದೇ ದನಿ ವಾಪಸು ಹೋಗದಂತೆ ಮಿಕ್ಸರ್‌ನ ಆಕ್ಸ್ (ಬೇರೆಯಾಗಿ ದನಿ ಹೊರಡಿಸುವ ದಾರಿ) ಮೂಲಕ ಫೋನಿಗೆ ದನಿ ಕಳಿಸುವಾಗ ಫೋನಿನ ಚಾನೆಲ್ ಮಾತ್ರ ಪೂರ್ತಿ ಇಳಿಸಿಡಿ.

ಮೂರನೆಯದು ಅಂಚಿನ ಸರಸರ. ಮೋನೋ ಮಾಡಿ. ಸ್ಟೀರಿಯೋ ಪ್ರಸಾರದಲ್ಲಿ ರಿಸೀವರ್‌ನ ಗದ್ದಲ ಮೋನೋಗಿಂತ 20 ಡೆಸಿಬೆಲ್‌ಗೂ ಮೇಲಿರುತ್ತದೆ. ಮಾತೇ ಮುಖ್ಯವಾದ 50 ವ್ಯಾಟ್ ಸ್ಟೇಷನ್‌ಗೆ ಅದು ಕೊಡುವುದಕ್ಕಿಂತ ಕಿತ್ತುಕೊಳ್ಳುವುದೇ ಜಾಸ್ತಿ. ಪೈಲಟ್ ಬಂದ್ ಮಾಡಿದರೆ ಅದಕ್ಕೆಂದು ಮೀಸಲಿದ್ದ ಸುಮಾರು 9 ಶೇಕಡ ಡೀವಿಯೇಷನ್ ಕೂಡ ದನಿಗೆ ಸಿಗುತ್ತದೆ. ಮಿಕ್ಸರ್‌ನಲ್ಲಿ ಎರಡು ಚಾನೆಲ್ ಒಂದೇ ಮಾಡಿ ಬಿಡುವುದು ಸಾಲದು, ಪೈಲಟ್ ಇದ್ದಷ್ಟು ಹೊತ್ತು ರಿಸೀವರ್ ಸ್ಟೀರಿಯೋದಲ್ಲೇ ಇರುತ್ತದೆ. ಟವರ್‌ಗೆ ಹೋಗುವ ಕೇಬಲ್ಲನ್ನೂ ನೋಡಿ: 30 ಮೀಟರ್ ಆರ್‌ಜಿ-213 ಸುಮಾರು 2 ಡೆಸಿಬೆಲ್ ನುಂಗುತ್ತದೆ, 50 ವ್ಯಾಟ್‌ನಲ್ಲಿ ಆಂಟೆನಾ ಮುಟ್ಟುವುದು 32ರ ಹತ್ತಿರ. ಅರ್ಧ ಇಂಚಿನ ಫೋಮ್ ಕೇಬಲ್ ಆದರೆ 42ಕ್ಕಿಂತ ಮೇಲೆ. ಚಿತ್ರದುರ್ಗದ ಕಡೆ ಗುಡ್ಡದ ಹಿಂದಿನ ಊರುಗಳಿಗೆ ಇದರಿಂದಲೂ ಹೆಚ್ಚು ಪ್ರಯೋಜನವಾಗದು. ಎಫ್‌ಎಂ ಗುಡ್ಡ ದಾಟುವುದಿಲ್ಲ. ಭದ್ರಾವತಿ ಆಕಾಶವಾಣಿ ಹಳ್ಳಿಹಳ್ಳಿಗೂ ಕೇಳುತ್ತಿದ್ದುದು 675 ಕಿಲೋಹರ್ಟ್ಸ್‌ನ ಮೀಡಿಯಂ ವೇವ್, ಅದರ ದಾರಿಯೇ ಬೇರೆ.

ಇಷ್ಟೆಲ್ಲ ಮಾಡಿದ ಮೇಲೂ ಕೊನೆಯಲ್ಲೊಂದು ಪ್ರೊಸೆಸರ್ ಬೇಕು. ನೇರ ಪ್ರಸಾರದಲ್ಲಿ ಮೈಕ್ ಮುಂದೆ ಕೂತವರು ಯಾವಾಗ ಕೂಗುತ್ತಾರೋ ಹೇಳಲಾಗದು. ನಿಮ್ಮ ಮುಂದೆ ಮೂರು ದಾರಿ ಇವೆ.

ಕಂಪ್ಯೂಟರ್‌ನಲ್ಲಿ ಸಾಫ್ಟ್‌ವೇರ್ ಪ್ರೊಸೆಸರ್ ಹಾಕುವುದು ಎಲ್ಲಕ್ಕಿಂತ ಅಗ್ಗ. ಸ್ಟೀರಿಯೋ ಟೂಲ್‌ನಂಥವು 8100ಎ ಮಾಡುತ್ತಿದ್ದ ಕೆಲಸವನ್ನೂ ಅದಕ್ಕಿಂತ ಹೆಚ್ಚಿನದನ್ನೂ ಮಾಡುತ್ತವೆ. ಸ್ಟೀರಿಯೋ ಕಾಂಪೊಸಿಟ್ ಹೊರಡಿಸಲು 192 ಕಿಲೋಹರ್ಟ್ಸ್ ಸೌಂಡ್ ಕಾರ್ಡ್ ಬೇಕು, ಅದು ಕೆಲವೇ ಹರ್ಟ್ಸ್‌ವರೆಗೂ ಸಪಾಟಾಗಿರಬೇಕು. ಇಲ್ಲದಿದ್ದರೆ ಕತ್ತರಿಸಿದ ಅಲೆಯ ನೆತ್ತಿ ವಾಲಿಕೊಂಡು ಶಿಖರ ಮತ್ತೆ ಏರುತ್ತದೆ. ಮೋನೋಗೆ 192 ಬೇಕಿಲ್ಲ, ಆದರೆ ಈ ತಳದ ನಿಯಮ ಅದಕ್ಕೂ ಅನ್ವಯಿಸುತ್ತದೆ. ಪ್ರಿ-ಎಂಫಸಿಸ್ ಸಾಫ್ಟ್‌ವೇರ್‌ನಲ್ಲಿ 50ಕ್ಕೆ ಆನ್, ಎಕ್ಸೈಟರ್‌ನಲ್ಲಿ ಆಫ್. ಅಪಾಯ ಬೇರೆ ಕಡೆ ಇದೆ. ವಿಂಡೋಸ್ ಅಪ್‌ಡೇಟ್ ನಡು ಪ್ರಸಾರದಲ್ಲಿ ಬರುತ್ತದೆ, ಮೇಲ್ ಬಂದ ಟಿಂಗ್ ಸದ್ದು ಊರಿಗೆಲ್ಲ ಕೇಳುತ್ತದೆ, ಯಾರೋ ವಾಲ್ಯೂಮ್ ಎಳೆದರೆ ಡೀವಿಯೇಷನ್ ಬದಲಾಗುತ್ತದೆ. ಇದಕ್ಕೆಂದೇ ಒಂದು ಕಂಪ್ಯೂಟರ್, ಅದಕ್ಕೆ ಯುಪಿಎಸ್, ಕೆಟ್ಟರೆ ಮಿಕ್ಸರ್‌ನಿಂದ ನೇರ ಎಕ್ಸೈಟರ್‌ಗೆ ಹೋಗುವ ಬೈಪಾಸ್ ಸ್ವಿಚ್, ಇಷ್ಟಿದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಬೈಪಾಸ್‌ನಲ್ಲಿ ಪ್ರಿ-ಎಂಫಸಿಸ್ ಇರುವುದಿಲ್ಲ ಎಂಬುದೂ ನೆನಪಿರಲಿ, ಆ ಹೊತ್ತಿಗೆ ಎಕ್ಸೈಟರ್‌ನದನ್ನು ಆನ್ ಮಾಡಬೇಕು.

ಹೊಸ ಡಿಜಿಟಲ್ ಪೆಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಆದರೆ ಅದರ ಬೆಲೆಯ ಬಹುಪಾಲು ಹೋಗುವುದು ದೊಡ್ಡ ನಗರದ ಪೈಪೋಟಿಗೆ ಬೇಕಾದ ಸೌಕರ್ಯಗಳಿಗೆ. ಕೊಳ್ಳುವುದೇ ಆದರೆ ಆ ಸರಣಿಯಲ್ಲಿ ಅತಿ ಸಣ್ಣದು ಸಾಕು. ಮೊದಲ ದಿನ ಅಂಗಡಿಯವರು ಹಾಕಿಕೊಡುವ ‘ಲೌಡ್’ ಪ್ರಿಸೆಟ್ ತೆಗೆಸಿ. ಮಾತಿಗೆಂದೇ ಇರುವ ಮೆತ್ತನೆಯ ಪ್ರಿಸೆಟ್‌ನಿಂದ ಶುರು ಮಾಡಿ. 128 ಕೆಬಿಪಿಎಸ್ ಎಂಪಿ3 ಹಾಡುಗಳಲ್ಲಿ ಅಡಗಿದ್ದ ಕೊಳೆಯನ್ನೆಲ್ಲ ಜೋರು ಪ್ರೊಸೆಸಿಂಗ್ ಎಳೆದು ಹೊರಗೆ ಹಾಕುತ್ತದೆ.

ಉಳಿದದ್ದು ಆ 8100ಎ. ದನಿಯ ಮಟ್ಟಿಗೆ ಇವತ್ತಿಗೂ ಮಾತಿಗೆ ಅದು ಸೊಗಸು, ತಡವಿಲ್ಲ, ಬೂಟ್ ಆಗುವುದಿಲ್ಲ, ಹ್ಯಾಂಗ್ ಆಗುವುದಿಲ್ಲ. ಸೊಲ್ಡರಿಂಗ್ ಐರನ್ ಹಿಡಿಯಬಲ್ಲ, ಸರ್ಕ್ಯೂಟ್ ಓದಬಲ್ಲ ಒಬ್ಬರು ಕಾಲೇಜಿನಲ್ಲೇ ಇದ್ದರೆ ತೆಗೆದುಕೊಳ್ಳಿ. ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಒಳ್ಳೆಯ ಪಾಠವೂ ಆದೀತು. ಅಂಥವರಿಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ತೆಗೆದುಕೊಳ್ಳುವುದಾದರೆ ಬೆಂಗಳೂರಿಗೆ ಹೋಗುವಾಗ ಮಲ್ಟಿಮೀಟರ್ ಒಯ್ಯಿರಿ. ಪ್ಲಗ್ ಹಾಕುವ ಮೊದಲೇ ವೋಲ್ಟೇಜ್ ಆಯ್ಕೆ 230ಕ್ಕೆ ಇದೆಯೇ ನೋಡಿ. ಅಮೆರಿಕದಿಂದ ಬಂದದ್ದು 115ರಲ್ಲಿದ್ದರೆ ಪ್ಲಗ್ ಹಾಕಿದ ಕ್ಷಣವೇ ಮುಗಿಯಿತು. ಅಂಥ ಯಂತ್ರ 75 ಮೈಕ್ರೋಸೆಕೆಂಡ್‌ಗೆ ಹೊಂದಿಸಿರುವ ಸಾಧ್ಯತೆಯೂ ಹೆಚ್ಚು. 50ಕ್ಕೆ ಬದಲಿಸುವ ವಿವರ ಮ್ಯಾನ್ಯುಯಲ್‌ನಲ್ಲಿರುತ್ತದೆ, ಮ್ಯಾನ್ಯುಯಲ್ ಇಲ್ಲದೆ ವ್ಯಾಪಾರ ಕುದುರಿಸಬೇಡಿ. ಆನ್ ಮಾಡಿ ಅರ್ಧ ಗಂಟೆ ಬಿಟ್ಟು ಪವರ್ ಸಪ್ಲೈನ +15 ಮತ್ತು −15 ವೋಲ್ಟ್ ಅಳೆಯಿರಿ. ಒಂದು ಕುಸಿದಿದ್ದರೆ ಅಥವಾ ಔಟ್‌ಪುಟ್‌ನಲ್ಲಿ 100 ಹರ್ಟ್ಸ್ ಗುಂಯ್ ಇದ್ದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿವೆ. ಅದು ದೊಡ್ಡ ದೋಷವಲ್ಲ, ಇಷ್ಟು ವಯಸ್ಸಿನ ಯಂತ್ರಕ್ಕೆ ಒಣಗದಿದ್ದರೇ ಆಶ್ಚರ್ಯ. 105 ಡಿಗ್ರಿ ತಡೆಯುವ ಹೊಸವನ್ನು ಹಾಕಬೇಕು, ಬೆಲೆಯಲ್ಲಿ ಅದನ್ನು ಕಳೆಯಿರಿ. ಕಾರ್ಡುಗಳನ್ನು ಒಂದೊಂದಾಗಿ ಎಳೆದು ಕನೆಕ್ಟರ್ ಅಂಚು ಕಪ್ಪಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಒರೆಸಿ. ಎಡ ಚಾನೆಲ್ ಆಗಾಗ ಮಾಯವಾಗುವ ದೋಷ ಬಹುಪಾಲು ಇಲ್ಲಿಯದು. ಕಾರ್ಡಿನ ಮೇಲಿನ ಸಣ್ಣ ಟ್ರಿಮ್ ಪಾಟ್‌ಗಳನ್ನು ಮಾತ್ರ ಮುಟ್ಟಬೇಡಿ. ಮೊದಲೇ ಯಾರೋ ತಿರುಗಿಸಿದ ಗುರುತಿದ್ದರೆ, ಬಣ್ಣದ ಸೀಲ್ ಒಡೆದಿದ್ದರೆ, ಆ ಯಂತ್ರ ಬಿಟ್ಟುಬಿಡಿ. ಅದನ್ನು ಮತ್ತೆ ಹೊಂದಿಸಲು ಡಿಸ್ಟಾರ್ಷನ್ ಮೀಟರ್, ಆಸಿಲೋಸ್ಕೋಪ್ ಮತ್ತು ಪೂರ್ತಿ ಒಂದು ದಿನ ಬೇಕು.

ತಂದ ಮೇಲೆ ಕಾಂಪೊಸಿಟ್ ಔಟ್‌ಪುಟ್‌ನಿಂದ ಗಿಡ್ಡ ಆರ್‌ಜಿ-58 ಕೇಬಲ್‌ನಲ್ಲಿ ನೇರ ಎಕ್ಸೈಟರ್‌ನ ಎಂಪಿಎಕ್ಸ್ (ಕಾಂಪೊಸಿಟ್) ಇನ್‌ಪುಟ್‌ಗೆ. ಎಕ್ಸೈಟರ್‌ನ ಪ್ರಿ-ಎಂಫಸಿಸ್, ಸ್ಟೀರಿಯೋ ಕೋಡರ್, ಲಿಮಿಟರ್ ಎಲ್ಲ ಆಫ್. ಆಪ್ಟಿಮೋಡನ್ನು ಮೋನೋಗೆ ಹಾಕಿ. ಮೇಲೆ ಹೇಳಿದ 400 ಹರ್ಟ್ಸ್, 10 ಕಿಲೋಹರ್ಟ್ಸ್ ಪರೀಕ್ಷೆಯನ್ನು ಅದರ ಪ್ರೂಫ್ (ಪರೀಕ್ಷೆಯ) ಮೋಡ್‌ನಲ್ಲಿ ಮತ್ತೊಮ್ಮೆ ಮಾಡಿ, ಆಮೇಲೆ ಆಪರೇಟ್‌ಗೆ ತಿರುಗಿಸಲು ಮರೆಯಬೇಡಿ. ಮಾಮೂಲಿ ಮಾತಿಗೆ ಗೇನ್ ರಿಡಕ್ಷನ್ ಮೀಟರ್ 10 ಡೆಸಿಬೆಲ್ ಸುತ್ತ ಆಡುವಂತೆ ಇನ್‌ಪುಟ್ ಹೊಂದಿಸಿ. ಕ್ಲಿಪ್ಪಿಂಗ್ ತಿರುಗಣಿ ನಡುವೆ ಅಥವಾ ಅದಕ್ಕಿಂತ ಕೆಳಗೆ. ಗೇಟ್ ಥ್ರೆಶೋಲ್ಡ್ (ಅದಕ್ಕಿಂತ ಮೆತ್ತಗಿನ ಸದ್ದಿಗೆ ಗೇನ್ ಏರಿಸದೆ ನಿಲ್ಲುವ ಮಟ್ಟ) ಹೊಂದಿಸುವಾಗ ಮೈಕ್ ತೆರೆದಿಟ್ಟು ಯಾರೂ ಮಾತಾಡದೆ ಕೂತು, ಫ್ಯಾನಿನ ಸದ್ದಿಗೆ ಮೀಟರ್ ಏರದೆ ನಿಲ್ಲುವವರೆಗೆ ಹೆಚ್ಚಿಸಿ. ಮಾತಿನ ಕೊನೆಯ ಅಕ್ಷರ ಮೆತ್ತಗಿರುವವರು ಬಂದಾಗ ಅದೂ ಗೇಟ್‌ಗೆ ಸಿಕ್ಕರೆ ಒಂದು ಗೆರೆ ಇಳಿಸಿ. ಬೇಸಿಗೆಯಲ್ಲಿ ರ‍್ಯಾಕ್‌ನಲ್ಲಿ ಟ್ರಾನ್ಸ್‌ಮಿಟರ್‌ನ ಮೇಲೆಯೇ ಕೂರಿಸಬೇಡಿ, ಹೊಸದಾಗಿ ಹಾಕಿದ ಕೆಪಾಸಿಟರ್ ಕೂಡ ಆ ಬಿಸಿಗೆ ಬೇಗ ಒಣಗುತ್ತದೆ. ಬೆಸ್ಕಾಂ ಕರೆಂಟ್ ಏರಿಳಿತಕ್ಕೆ ಸ್ಟೆಬಿಲೈಜರ್ ಇರಲಿ, ಮಳೆಗಾಲದ ಸಿಡಿಲಿಗೆ ಟವರ್‌ನ ಅರ್ತಿಂಗ್ ಮತ್ತು ರ‍್ಯಾಕ್‌ನ ಅರ್ತಿಂಗ್ ಒಂದೇ ಪಟ್ಟಿಗೆ ಸೇರಿರಲಿ.